ಕೂಟಶಾಸನ ಮತ್ತು ಕೂಟಬಿಂಬ: ಚುನಾವಣಾ ಪ್ರಚಾರದ ಆಧಾರಗಳನ್ನು ಕುರಿತು ಒಂದು ವಿಮರ್ಶೆ

೧

ಆಡದ ಮಾತನ್ನು ಆಡಿದಂತೆ ತೋರಿಸಿ, ಅದಕ್ಕೆ ದೊಡ್ಡವರ ಮುದ್ರೆಯನ್ನೊತ್ತಿ ಜನರ ಮುಂದಿಡುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಧರ್ಮಶಾಸ್ತ್ರಕಾರರು ಇದನ್ನು ಚೆನ್ನಾಗಿ ಬಲ್ಲರು. ಅರಸನ ಹೆಸರಿನಲ್ಲಿ ಸುಳ್ಳು ಶಾಸನವನ್ನು ನಿರ್ಮಿಸಿದವನಿಗೆ ಮನುಸ್ಮೃತಿ ವಧದಂಡವನ್ನೇ ವಿಧಿಸಿದೆ. ಏಳನೆಯ ಶತಮಾನದ ಹರ್ಷವರ್ಧನನ ಮಧುಬನ ತಾಮ್ರಪಟದಲ್ಲಿ, ಕೃತ್ರಿಮ ಶಾಸನದ ಬಲದಿಂದ ಒಬ್ಬನು ಅನುಭವಿಸುತ್ತಿದ್ದ ಗ್ರಾಮವನ್ನು ಹಿಂತೆಗೆದುಕೊಂಡು, ಆ ಪಟವನ್ನು ಒಡೆಯಿಸಿ, ಗ್ರಾಮವನ್ನು ಬೇರೆಯವರಿಗೆ ದತ್ತಿಯಾಗಿ ಕೊಟ್ಟ ಸಂಗತಿ ಉಕ್ತವಾಗಿದೆ. ಇಂಥ ಬರಹಕ್ಕೆ ಪ್ರಾಚೀನರಿಟ್ಟ ಹೆಸರು ಕೂಟಶಾಸನ.

ಈಗ ಇದೇ ವಿದ್ಯೆ ಬೇರೊಂದು ವೇಷದಲ್ಲಿ ನಮ್ಮೆದುರಿಗೆ ನಿಂತಿದೆ. ಕೃತಕ ಬುದ್ಧಿಮತ್ತೆಯ ನೆರವಿನಿಂದ ಒಬ್ಬನ ಮುಖವನ್ನೂ ಧ್ವನಿಯನ್ನೂ ಅನುಕರಿಸಿ, ಅವನು ಎಂದೂ ಆಡದ ಮಾತನ್ನು ಆಡಿಸಿ, ಮಾಡದ ಕೆಲಸವನ್ನು ಮಾಡಿಸಿ ತೋರಿಸಬಹುದಾಗಿದೆ. ಜನರು ಇದನ್ನು 'ಡೀಪ್‌ಫೇಕ್' ಎನ್ನುತ್ತಾರೆ. ಹಳೆಯ ಹೆಸರಿನ ಜಾಡನ್ನೇ ಹಿಡಿದು ಈ ಲೇಖನದಲ್ಲಿ ನಾವು ಇದನ್ನು 'ಕೂಟಬಿಂಬ'ವೆಂದು ಕರೆಯುತ್ತೇವೆ. ಹೆಸರಿನ ಸಾಮ್ಯದಲ್ಲಿ ಒಂದು ಅಭಿಪ್ರಾಯವೂ ಅಡಗಿದೆ. ಕೂಟಶಾಸನವನ್ನು ಪರೀಕ್ಷಿಸುವುದಕ್ಕಾಗಿ ನಮ್ಮ ವಿದ್ವಾಂಸರು ಒಂದೂವರೆ ಶತಮಾನದಿಂದ ರೂಪಿಸಿಕೊಂಡು ಬಂದಿರುವ ವಿಮರ್ಶಾಕ್ರಮ ಕೂಟಬಿಂಬಕ್ಕೂ ಅನ್ವಯಿಸುತ್ತದೆ. ಆ ಕ್ರಮದ ಸಾಧನೆಯಿಂದ ಮಾತ್ರವಲ್ಲದೆ ಅದರ ಅತಿರೇಕದಿಂದಲೂ ನಾವು ಕಲಿಯಬೇಕಾದುದುಂಟು. ಚುನಾವಣಾ ಪ್ರಚಾರವನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು ಈ ವಿಷಯವನ್ನು ವಿವೇಚಿಸುವುದು ಇಲ್ಲಿಯ ಉದ್ದೇಶ.

೨

ಕರ್ಣಾಟಕದ ಶಾಸನಾಧ್ಯಯನದ ಚರಿತ್ರೆಯಲ್ಲಿ ಬಿ. ಎಲ್. ರೈಸ್ ಮತ್ತು ಜೆ. ಎಫ್. ಫ್ಲೀಟ್ ಇವರಿಬ್ಬರ ನಡುವಣ ವಾದ ಪ್ರಸಿದ್ಧವಾಗಿದೆ. ಗಂಗರ ತಾಮ್ರಪಟಗಳನ್ನು ರೈಸ್ ಅವರು ಬಹುಮಟ್ಟಿಗೆ ಪ್ರಮಾಣವೆಂದು ಸ್ವೀಕರಿಸಿ, ಅವುಗಳ ಆಧಾರದ ಮೇಲೆ ಗಂಗವಂಶದ ಚರಿತ್ರೆಯನ್ನು ಕಟ್ಟಿದರು. ಫ್ಲೀಟ್ ಅವರು ಅವುಗಳಲ್ಲಿ ಅನೇಕವನ್ನು ಕೃತ್ರಿಮವೆಂದು ತಳ್ಳಿಹಾಕಿದರು; ೧೯೦೧ರ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಭಾರತದ ಕೃತ್ರಿಮ ಶಾಸನಗಳ ಪಟ್ಟಿಯೊಂದನ್ನೇ ಪ್ರಕಟಿಸಿದರು. ಈ ವಾದ ನಮ್ಮ ಜಿಲ್ಲೆಗೆ ದೂರದ್ದಲ್ಲ. ಗಂಗ ಶ್ರೀಪುರುಷನ ನೆಲೆವೀಡಾಗಿದ್ದ ಮಾನ್ಯಪುರ, ಎಂದರೆ ಇಂದಿನ ಮಣ್ಣೆ, ನೆಲಮಂಗಲ ತಾಲ್ಲೂಕಿನಲ್ಲಿದೆ. ವಿಜಯಪುರವನ್ನೊಳಗೊಂಡ ದೇವನಹಳ್ಳಿ ತಾಲ್ಲೂಕಿನ ಶಾಸನಗಳೂ ನೆಲಮಂಗಲ, ದೊಡ್ಡಬಳ್ಳಾಪುರ, ಹೊಸಕೋಟೆಗಳ ಶಾಸನಗಳೂ ೧೯೦೫ರಲ್ಲಿ ಹೊರಬಂದ 'ಎಪಿಗ್ರಾಫಿಯ ಕರ್ಣಾಟಿಕ'ದ ಒಂಬತ್ತನೆಯ ಸಂಪುಟದಲ್ಲಿ ಒಟ್ಟಿಗೇ ಸೇರಿವೆ.

ಆ ವಾದದಲ್ಲಿ ಬಳಕೆಯಾದ ಪರೀಕ್ಷೆಗಳನ್ನು ಮೂರಾಗಿ ವಿಂಗಡಿಸಬಹುದು. ಮೊದಲನೆಯದು ದೇಹಪರೀಕ್ಷೆ: ಲೋಹ, ಮುದ್ರೆ, ಲಿಪಿಯ ವಟುವು ಇವು ಹೇಳಿದ ಕಾಲಕ್ಕೆ ಒಪ್ಪುವುವೆ? ಎರಡನೆಯದು ಒಳಮಾತಿನ ಪರೀಕ್ಷೆ: ತಿಥಿ, ವಾರ, ಗ್ರಹಣಗಳು ಗಣಿತಕ್ಕೆ ಹೊಂದುವುವೆ, ಆ ಕಾಲದಲ್ಲಿರಲಾರದ ಹೆಸರುಗಳು ನುಸುಳಿವೆಯೆ? ಮೂರನೆಯದು ವಂಶಪರೀಕ್ಷೆ: ಪಟ ಎಲ್ಲಿ ದೊರೆಯಿತು, ಯಾರ ಕೈಯಿಂದ ಯಾರ ಕೈಗೆ ಬಂತು, ಅದರಿಂದ ಯಾರಿಗೆ ಲಾಭ?

ಎರಡು ಉದಾಹರಣೆಗಳು ಸಾಕು. ಶಿವಮೊಗ್ಗೆಯ ಸೀಮೆಯಲ್ಲಿ ದೊರೆತ ಕೆಲವು ತಾಮ್ರಪಟಗಳು ತಮ್ಮನ್ನು ಮಹಾಭಾರತದ ಜನಮೇಜಯನ ದತ್ತಿಗಳೆಂದು ಹೇಳಿಕೊಳ್ಳುತ್ತವೆ; ಸರ್ಪಯಾಗದ ಪ್ರಸ್ತಾಪವೂ ಅವುಗಳಲ್ಲುಂಟು. ಆದರೆ ಲಿಪಿ ಬಹು ಈಚಿನದು. ಅಗ್ರಹಾರದ ಹಕ್ಕಿಗೆ ಪ್ರಾಚೀನತೆಯ ಮೆರುಗು ಕೊಡಲು ಯಾರೋ ಪುರಾಣಪುರುಷನನ್ನು ಸಾಕ್ಷಿಗೆ ಕರೆದಿದ್ದಾರೆಂಬುದು ಸ್ಪಷ್ಟ. ಅವಿನೀತನದೆಂದು ಹೇಳಲಾದ ಮಡಿಕೇರಿಯ ತಾಮ್ರಪಟದಲ್ಲಿ ೩೮೮ನೆಯ ವರ್ಷದ ನಿರ್ದೇಶವಿದ್ದು, ಅದನ್ನು ಶಕವರ್ಷವೆಂದು ತೆಗೆದುಕೊಳ್ಳುವುದು ರೂಢಿ. ಆದರೆ ಅದೇ ಪಟದಲ್ಲಿ ಅಕಾಲವರ್ಷನೆಂಬ ಹೆಸರು ಕಾಣಿಸಿಕೊಳ್ಳುತ್ತದೆ. ಅದು ಶತಮಾನಗಳ ಅನಂತರದ ರಾಷ್ಟ್ರಕೂಟ ಕೃಷ್ಣರಾಜರ ಬಿರುದು. ಕೂಟಕಾರನು ಹಳೆಯ ಕಾಲವನ್ನು ನಟಿಸುವಾಗ ತನ್ನ ಕಾಲದ ನೆರಳನ್ನು ಮರೆಮಾಚಲಾರದೆ ಸಿಕ್ಕಿಬೀಳುತ್ತಾನೆ.

೩

ಈ ಮೂರು ಪರೀಕ್ಷೆಗಳಲ್ಲಿ ಮೊದಲನೆಯದು ಇಂದು ಬಹುಮಟ್ಟಿಗೆ ಕೈಕೊಡುತ್ತಿದೆ. ಇದಕ್ಕೆ ಕಾರಣ ಕೂಟಬಿಂಬದ ರಚನಾಕ್ರಮದಲ್ಲಿಯೇ ಇದೆ. ೨೦೧೪ರಲ್ಲಿ ಇಯಾನ್ ಗುಡ್‌ಫೆಲೋ ಮತ್ತು ಸಂಗಡಿಗರು ಪ್ರಕಟಿಸಿದ ಕ್ರಮದಲ್ಲಿ ಎರಡು ಗಣಕಜಾಲಗಳು ಎದುರುಬದುರಾಗಿ ನಿಲ್ಲುತ್ತವೆ. ಒಂದು ಕೃತಕ ಚಿತ್ರವನ್ನು ತಯಾರಿಸುತ್ತದೆ. ಇನ್ನೊಂದು ಅದು ನಿಜವೋ ಕೃತಕವೋ ಎಂದು ತೀರ್ಪು ಕೊಡುತ್ತದೆ. ತೀರ್ಪುಗಾರನು ಸೋಲುವವರೆಗೂ ಶಿಲ್ಪಿ ತಿದ್ದಿಕೊಳ್ಳುತ್ತಲೇ ಹೋಗುತ್ತಾನೆ. ಫ್ಲೀಟ್ ಅವರನ್ನು ಪಕ್ಕದಲ್ಲಿಯೇ ಕೂರಿಸಿಕೊಂಡು, ಅವರು ತಪ್ಪು ಹಿಡಿದಾಗಲೆಲ್ಲ ತಿದ್ದಿ ಬರೆಯುವ ತಾಮ್ರಪಟಕಾರನನ್ನು ಕಲ್ಪಿಸಿಕೊಂಡರೆ ಈ ಕ್ರಮದ ಬಲ ತಿಳಿಯುತ್ತದೆ. ಅನಂತರ ಬೇರೆ ಕ್ರಮಗಳೂ ಬಂದಿವೆ. ಕೇವಲ ಮೂರು ಸೆಕೆಂಡುಗಳ ಮಾದರಿಯಿಂದ ಒಬ್ಬನ ಧ್ವನಿಯನ್ನು ಅನುಕರಿಸಬಲ್ಲ ವ್ಯವಸ್ಥೆಯೊಂದನ್ನು ಮೈಕ್ರೋಸಾಫ್ಟ್ ಸಂಸ್ಥೆಯ ಸಂಶೋಧಕರು ೨೦೨೩ರ ಆದಿಯಲ್ಲಿ ವರ್ಣಿಸಿದರು. ಕಣ್ಣೆವೆಯ ಮಿಟುಕು, ಬೆರಳುಗಳ ಎಣಿಕೆ, ತುಟಿಯ ಚಲನೆ ಇವನ್ನು ನೋಡಿ ಕೃತ್ರಿಮವನ್ನು ಹಿಡಿಯಬಹುದೆಂದು ಪತ್ರಿಕೆಗಳು ಕೊಟ್ಟ ಉಪದೇಶ ಒಂದೆರಡು ವರ್ಷಗಳಲ್ಲಿಯೇ ಹಳತಾಯಿತು.

ಚುನಾವಣೆಯಲ್ಲಿ ಈ ವಿದ್ಯೆಯ ಪ್ರವೇಶ ವಿಚಿತ್ರವಾದ ರೀತಿಯಲ್ಲಿ ಆಯಿತೆಂಬುದನ್ನು ಗಮನಿಸಬೇಕು. ೨೦೨೦ರ ಫೆಬ್ರವರಿಯಲ್ಲಿ, ದೆಹಲಿಯ ವಿಧಾನಸಭಾ ಚುನಾವಣೆಯ ಮುನ್ನಾದಿನ, ಭಾರತೀಯ ಜನತಾ ಪಕ್ಷದ ಮನೋಜ್ ತಿವಾರಿಯವರು ಇಂಗ್ಲಿಷಿನಲ್ಲಿಯೂ ಹರಿಯಾಣವಿಯಲ್ಲಿಯೂ ಮಾತನಾಡುವ ದೃಶ್ಯಗಳು ವಾಟ್ಸ್‌ಆಪಿನಲ್ಲಿ ಹರಡಿದವು. ಅವರು ಹಿಂದಿಯಲ್ಲಿ ಮಾತನಾಡಿದ್ದ ದೃಶ್ಯಕ್ಕೆ ಬೇರೆ ಮಾತನ್ನೂ ತುಟಿಯ ಚಲನೆಯನ್ನೂ ಹೊಂದಿಸಲಾಗಿತ್ತು. ಇದನ್ನು ಹಂಚಿದವರು ಶತ್ರುಗಳಲ್ಲ, ಸ್ವಪಕ್ಷದವರೇ. ೨೦೨೪ರ ಜನವರಿಯಲ್ಲಿ, ೨೦೧೮ರಲ್ಲಿಯೇ ತೀರಿಕೊಂಡ ಕರುಣಾನಿಧಿಯವರು ತಮಿಳುನಾಡಿನ ಸಮಾರಂಭವೊಂದರಲ್ಲಿ ಪರದೆಯ ಮೇಲೆ ಮೂಡಿ ಮಗನ ಆಳ್ವಿಕೆಯನ್ನು ಮೆಚ್ಚಿ ಮಾತನಾಡಿದರು. ಜನಮೇಜಯನ ದತ್ತಿಗೂ ಇದಕ್ಕೂ ಇರುವ ಸಾದೃಶ್ಯ ಯಾರಿಗಾದರೂ ಹೊಳೆಯುತ್ತದೆ. ಭೇದವೂ ಇದೆ: ಕರುಣಾನಿಧಿಯವರು ಇಲ್ಲವೆಂಬುದು ಸಭಿಕರೆಲ್ಲರಿಗೂ ಗೊತ್ತಿತ್ತು. ಅಲ್ಲಿ ಮೋಸವಿರಲಿಲ್ಲ. ಆದರೆ ಗತಿಸಿದವರ ಸಮ್ಮತಿಯನ್ನು ಬದುಕಿರುವವರು ಬರೆದುಕೊಳ್ಳುವ ಪದ್ಧತಿಗೆ ಅಲ್ಲಿ ನಾಂದಿಯಾಯಿತು.

ಅದೇ ವರ್ಷದ ಲೋಕಸಭಾ ಚುನಾವಣೆಗೆ ಮೊದಲು ಪ್ರಧಾನಮಂತ್ರಿಗಳ ಹಿಂದಿ ಭಾಷಣಗಳು ಯಂತ್ರಧ್ವನಿಯ ಮೂಲಕ ಕನ್ನಡವೇ ಮೊದಲಾದ ಭಾಷೆಗಳಲ್ಲಿ ಕೇಳಬಂದವು. ಬಹಿರಂಗವಾಗಿ ಮಾಡಿದ ಅನುವಾದದಲ್ಲಿ ದೋಷವಿಲ್ಲ. ಕನ್ನಡವೂ ತೆಲುಗೂ ಒಂದೇ ಬೀದಿಯಲ್ಲಿ ಕೇಳಿಬರುವ ವಿಜಯಪುರದಂಥ ಊರಿಗೆ ಅದರಿಂದ ಉಪಯೋಗವೂ ಉಂಟಾದೀತು. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ವಚನಗಳ ಸಂಪಾದನೆಯಲ್ಲಿ ತೊಡಗಿದವರು ಅಂಕಿತವೊಂದನ್ನೇ ನಂಬಿ ಕರ್ತೃತ್ವವನ್ನು ನಿರ್ಣಯಿಸುವುದಿಲ್ಲ. ಅಂಕಿತವನ್ನು ಯಾರು ಬೇಕಾದರೂ ಇಡಬಹುದು. ಯಾವ ಪ್ರತಿಯಲ್ಲಿದೆ, ಎಷ್ಟು ಹಳೆಯ ಪ್ರತಿ, ಇತರ ಪ್ರತಿಗಳಲ್ಲಿ ಉಂಟೆ ಎಂದು ಕೇಳುತ್ತಾರೆ. ಧ್ವನಿಯೆಂಬುದು ಇದುವರೆಗೆ ಮನುಷ್ಯನ ಕದಿಯಲಾಗದ ಅಂಕಿತವಾಗಿತ್ತು. ಇನ್ನು ಮೇಲೆ ಅದೂ ಬರಿಯ ಅಂಕಿತ.

೪

ಆದರೂ ಯಂತ್ರದ ಮೇಲೆಯೇ ಎಲ್ಲ ಅಪರಾಧವನ್ನೂ ಹೊರಿಸುವುದು ವಿಮರ್ಶೆಯ ಲಕ್ಷಣವಲ್ಲ. ನಮ್ಮ ದೇಶದಲ್ಲಿ ಹಾನಿಮಾಡಿದ ಮಿಥ್ಯಾಪ್ರಚಾರದಲ್ಲಿ ಹೆಚ್ಚಿನ ಪಾಲು ಅತಿ ಸುಲಭವಾದ ಕೈಚಳಕದಿಂದ ಆದುದು. ೨೦೧೮ರಲ್ಲಿ ಮಕ್ಕಳ ಕಳ್ಳರ ವದಂತಿ ಹಬ್ಬಿದಾಗ ಊರೂರು ಸುತ್ತಿದ ಒಂದು ದೃಶ್ಯ, ಕರಾಚಿಯಲ್ಲಿ ಮಕ್ಕಳ ರಕ್ಷಣೆಗಾಗಿಯೇ ತಯಾರಾದ ತಿಳಿವಳಿಕೆಯ ಚಿತ್ರದಿಂದ ಕೊನೆಯ ಭಾಗವನ್ನು ಕತ್ತರಿಸಿ ತೆಗೆದದ್ದು. ಆ ವರ್ಷದ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಇಂಥ ವದಂತಿಯನ್ನೇ ನಂಬಿದ ಗುಂಪು ಒಬ್ಬ ತರುಣನನ್ನು ಹೊಡೆದು ಕೊಂದಿತು. ೨೦೨೪ರ ಏಪ್ರಿಲಿನಲ್ಲಿ ಗೃಹಮಂತ್ರಿ ಅಮಿತ್ ಶಾ ಅವರು ತೆಲಂಗಾಣದಲ್ಲಿ ಮಾಡಿದ್ದ ಭಾಷಣವನ್ನು ಕತ್ತರಿಸಿ ಜೋಡಿಸಿ, ಅವರು ಎಲ್ಲ ಮೀಸಲಾತಿಯನ್ನೂ ರದ್ದುಮಾಡುವೆವೆಂದು ಹೇಳಿದಂತೆ ತೋರಿಸಲಾಯಿತು. ಪೋಲೀಸರು ಮೊಕದ್ದಮೆ ಹೂಡಿ, ಕಾಂಗ್ರೆಸ್ಸಿನ ಪ್ರಚಾರ ವಿಭಾಗದವರನ್ನು ಬಂಧಿಸಿದರು. ಇಲ್ಲಿ ಕತ್ತರಿಯೊಂದೇ ಸಾಕಾಯಿತು. ಗ್ರಂಥಸಂಪಾದಕರು ಪ್ರಕ್ಷಿಪ್ತವನ್ನೂ ಗ್ರಂಥಪಾತವನ್ನೂ ಬೇರೆಬೇರೆ ದೋಷಗಳೆಂದು ಎಣಿಸುತ್ತಾರೆ. ಕೂಟಬಿಂಬ ಮೊದಲನೆಯ ಜಾತಿಯದು, ಕತ್ತರಿಸಿದ ಭಾಷಣ ಎರಡನೆಯ ಜಾತಿಯದು.

ಇನ್ನೂ ಸುಲಭವಾದುದು ಸ್ಥಳನಾಮದ ಪಲ್ಲಟ. ಬಿಜಾಪುರವು ೨೦೧೪ರ ನವೆಂಬರ್ ೧ರಂದು ವಿಜಯಪುರವೆಂಬ ಹೆಸರನ್ನು ಪಡೆದ ಮೇಲೆ, ರಾಜ್ಯದಲ್ಲಿ ಈ ಹೆಸರಿನ ಎರಡು ಪ್ರಸಿದ್ಧ ಊರುಗಳಾಗಿವೆ. 'ವಿಜಯಪುರದಲ್ಲಿ ನಡೆದುದು' ಎಂಬ ತಲೆಬರಹವಿರುವ ದೃಶ್ಯ ಗೋಲಗುಂಬಜಿನ ನೆರಳಿನದೋ ದೇವನಹಳ್ಳಿಯ ನೆರೆಯದೋ ಎಂದು ಕೇಳುವ ವ್ಯವಧಾನ, ಅದನ್ನು ಮುಂದಕ್ಕೆ ಕಳಿಸುವ ಬೆರಳಿಗೆ ಇರುವುದಿಲ್ಲ. ದೃಶ್ಯ ನಿಜವೇ ಇರಬಹುದು, ಮಾತೂ ನಿಜವೇ ಇರಬಹುದು. ಊರು ಬದಲಾದರೆ ಸಾಕು, ಅರ್ಥ ಸುಳ್ಳಾಗುತ್ತದೆ. ದೇಹಪರೀಕ್ಷೆ ಇಲ್ಲಿ ನಿರರ್ಥಕ. ದೇಹದಲ್ಲಿ ಯಾವ ದೋಷವೂ ಇಲ್ಲ. ವಂಶಪರೀಕ್ಷೆಯೊಂದೇ ನೆರವಾಗಬಲ್ಲುದು.

೫

ವಂಶಪರೀಕ್ಷೆಯ ಅಗತ್ಯವನ್ನು ತೋರಿಸಲು ಕರ್ಣಾಟಕದ ಈಚಿನ ಚುನಾವಣಾ ಚರಿತ್ರೆಯಲ್ಲಿ ಉರಿಗೌಡ ನಂಜೇಗೌಡರ ಪ್ರಸಂಗಕ್ಕಿಂತ ಉತ್ತಮವಾದ ನಿದರ್ಶನ ನಮಗೆ ತೋರುವುದಿಲ್ಲ. ಟೀಪೂ ಸುಲ್ತಾನನು ಹುಟ್ಟಿದ್ದು ವಿಜಯಪುರಕ್ಕೆ ಸಮೀಪದ ದೇವನಹಳ್ಳಿಯಲ್ಲಾದುದರಿಂದ ಈ ಭಾಗದ ಓದುಗರಿಗೆ ಇದು ಪರರ ವಿಷಯವೂ ಅಲ್ಲ. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣದಲ್ಲಿ ಟೀಪುವನ್ನು ಕೊಂದವರು ಬ್ರಿಟಿಷರ ಸೈನಿಕರಲ್ಲ, ಉರಿಗೌಡ ಮತ್ತು ನಂಜೇಗೌಡರೆಂಬ ಇಬ್ಬರು ಒಕ್ಕಲಿಗ ವೀರರು ಎಂಬುದು ಪ್ರತಿಜ್ಞೆ. ೨೦೨೨ರ ನವೆಂಬರಿನಲ್ಲಿ ಮೈಸೂರಿನ ರಂಗಾಯಣದಲ್ಲಿ ಪ್ರದರ್ಶಿತವಾದ ನಾಟಕವೊಂದರಿಂದ ಇದು ವ್ಯಾಪಕವಾಗಿ ಪ್ರಚಾರಕ್ಕೆ ಬಂತು. ೨೦೨೩ರ ಮಾರ್ಚ್ ೧೨ರಂದು ಪ್ರಧಾನಮಂತ್ರಿಗಳು ಮಂಡ್ಯಕ್ಕೆ ಬಂದಾಗ ಈ ಇಬ್ಬರ ಹೆಸರಿನ ಸ್ವಾಗತ ಕಮಾನೊಂದು ಎದ್ದಿತು. ಆಕ್ಷೇಪ ಬಂದ ಮೇಲೆ ಹೆಸರನ್ನು ಬದಲಾಯಿಸಿದರು. ಆಗ ಮಂತ್ರಿಗಳಾಗಿದ್ದ ಮುನಿರತ್ನ ಅವರು ಇದೇ ಹೆಸರಿನಲ್ಲಿ ಚಲನಚಿತ್ರ ತೆಗೆಯಲು ಮುಂದಾದರು. ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮಿಗಳು, ಸಾಕಷ್ಟು ಚಾರಿತ್ರಿಕ ಆಧಾರವಿಲ್ಲದೆ ಇಂಥದಕ್ಕೆ ಕೈಹಾಕಬಾರದೆಂದು ತಿಳಿಯಹೇಳಿದ ಬಳಿಕ ಅದನ್ನು ಕೈಬಿಟ್ಟರು. ಮೇ ೧೦ರಂದು ಮತದಾನವಾಯಿತು.

ಈಗ ಪರೀಕ್ಷೆಯನ್ನು ಅನ್ವಯಿಸೋಣ. ಟೀಪುವಿನ ಅಂತ್ಯಕ್ಕೆ ಸಮಕಾಲೀನವಾದ ಬರಹಗಳು ಕಡಮೆಯಿಲ್ಲ. ಯುದ್ಧದಲ್ಲಿ ಭಾಗಿಯಾಗಿದ್ದ ಅಲೆಕ್ಸಾಂಡರ್ ಬೀಟ್ಸನ್ ೧೮೦೦ರಲ್ಲಿಯೇ ಗ್ರಂಥ ಪ್ರಕಟಿಸಿದನು. ಕೋಟೆಯ ಬಾಗಿಲಿನಲ್ಲಿ ಹೆಣಗಳ ರಾಶಿಯ ನಡುವೆ, ದೀಪದ ಬೆಳಕಿನಲ್ಲಿ ಟೀಪುವಿನ ದೇಹವನ್ನು ಹುಡುಕಿದ ವೃತ್ತಾಂತವನ್ನು ಮೇಜರ್ ಆಲನ್ ಬರೆದಿಟ್ಟಿದ್ದಾನೆ. ರತ್ನಖಚಿತವಾದ ಕತ್ತಿಯ ಪಟ್ಟಿಯನ್ನು ಕಸಿಯಬಂದ ಸೈನಿಕನೊಬ್ಬನು ಗುಂಡಿಕ್ಕಿದನೆಂಬುದು ಆಗಲೇ ಹುಟ್ಟಿದ ಹೇಳಿಕೆ. ಆ ಸೈನಿಕನ ಹೆಸರು ಮಾತ್ರ ತಿಳಿಯದು. ಫಾರ್ಸಿಯಲ್ಲಿ ಕಿರ್ಮಾನಿಯ ಚರಿತ್ರೆಯಿದೆ. ೧೮೦೦-೦೧ರಲ್ಲಿ ಬುಕನನ್ ಈ ಸೀಮೆಯನ್ನೆಲ್ಲ ಸುತ್ತಿ ಕಂಡುಕೇಳಿದುದನ್ನು ಬರೆದನು. ಅನಂತರ ವಿಲ್ಕ್ಸ್ ತನ್ನ ದೊಡ್ಡ ಚರಿತ್ರೆಯನ್ನು ರಚಿಸಿದನು. ಪ್ರತಿಜ್ಞೆಯ ಪರವಾದವರು ಆಧಾರವಾಗಿ ಮುಂದಿಟ್ಟದ್ದು ಇಂಥ ಯಾವ ಗ್ರಂಥವನ್ನೂ ಅಲ್ಲ. ಘಟನೆಯಾಗಿ ಸುಮಾರು ಎರಡು ಶತಮಾನಗಳ ಮೇಲೆ ಅಚ್ಚಾದ ಒಂದು ಪುಸ್ತಕದ ಮಾತನ್ನು, ಮತ್ತು ಲಾವಣಿಗಳುಂಟೆಂಬ ಹೇಳಿಕೆಯನ್ನು. ಆ ಹೆಸರಿನ ಗೌಡರು ಇದ್ದಿರಬಹುದು. ಟೀಪುವಿನ ಆಡಳಿತಕ್ಕೆ ಇದಿರು ನಿಂತ ಪಾಳೆಯಗಾರರೂ ಗೌಡರೂ ಇದ್ದುದು ಚರಿತ್ರೆಗೆ ಗೊತ್ತಿದೆ. ಆದರೆ ಕೊಂದವರೆಂಬುದಕ್ಕೆ ಸಮಕಾಲೀನ ಸಾಕ್ಷ್ಯ ಬೇಕು, ಅದು ಬಂದಿಲ್ಲ. ಟೀಪುವಿನ ಗುಣದೋಷಗಳನ್ನು ಕುರಿತು ಯಾರು ಯಾವ ಅಭಿಪ್ರಾಯವನ್ನು ತಳೆದರೂ ಈ ನಿರ್ಣಯ ಬದಲಾಗುವುದಿಲ್ಲ.

ಈ ಪ್ರಸಂಗದಲ್ಲಿ ಯಂತ್ರಕ್ಕೆ ಪಾತ್ರವೇ ಇಲ್ಲವೆಂಬುದನ್ನು ಮತ್ತೆ ಒತ್ತಿ ಹೇಳಬೇಕು. ನಾಟಕದ ಒಂದು ದೃಶ್ಯ, ಬಟ್ಟೆಯ ಕಮಾನು, ಚಲನಚಿತ್ರದ ಶೀರ್ಷಿಕೆ ಇಷ್ಟೇ ಸಾಧನಗಳು. ಅದಕ್ಕೆ ಕೊರತೆಯಾಗಿದ್ದುದು ಒಂದು ಮುಖ, ಒಂದು ಧ್ವನಿ. ಕೂಟಬಿಂಬದ ವಿದ್ಯೆ ಒದಗಿಸುವುದು ಅದನ್ನೇ. ನಾಳೆ ಉರಿಗೌಡನಿಗೆ ಮುಖವೂ ಮಾತೂ ದೊರೆತು, ಮಂಡ್ಯದ ಮಾತಿನ ವರಸೆಯಲ್ಲಿಯೇ ಅವನು ತನ್ನ ಕಥೆಯನ್ನು ಹೇಳತೊಡಗಿದರೆ, ಬೀಟ್ಸನ್ನನ ಪುಟಗಳನ್ನು ತಿರುವಿಹಾಕುವ ತಾಳ್ಮೆ ಎಷ್ಟು ಜನಕ್ಕೆ ಇದ್ದೀತು? ೨೦೨೩ರಲ್ಲಿ ಪ್ರಶ್ನೆ ಎದ್ದಿತು, ಉತ್ತರ ಕೇಳಿದರು, ಕಮಾನು ಇಳಿಯಿತು. ಅದಕ್ಕೆ ಕೆಲವು ದಿನಗಳ ಬಿಡುವು ಇತ್ತು.

ಬಿಡುವಿಲ್ಲದಂತೆ ಮಾಡುವುದೇ ಕೂಟಕಾರನ ಜಾಣ್ಮೆ. ೧೯೨೪ರ ಅಕ್ಟೋಬರ್ ೨೫ರಂದು, ಬ್ರಿಟನ್ನಿನ ಮಹಾಚುನಾವಣೆಗೆ ನಾಲ್ಕು ದಿನಗಳಿರುವಾಗ, ಜಿನೋವಿಯೆವ್ ಬರೆದುದೆಂಬ ಕಾಗದವೊಂದು 'ಡೈಲಿ ಮೇಲ್' ಪತ್ರಿಕೆಯಲ್ಲಿ ಅಚ್ಚಾಯಿತು. ಅದು ಕೃತ್ರಿಮವೆಂಬುದೇ ವಿದ್ವಾಂಸರ ಸಾಮಾನ್ಯವಾದ ಅಭಿಪ್ರಾಯ. ೨೦೨೩ರ ಸೆಪ್ಟೆಂಬರಿನಲ್ಲಿ ಸ್ಲೊವಾಕಿಯ ದೇಶದಲ್ಲಿ, ಪ್ರಚಾರ ನಿಷಿದ್ಧವಾದ ಕೊನೆಯ ಎರಡು ದಿನಗಳಲ್ಲಿ, ಮಿಖಾಲ್ ಶಿಮೆಚ್ಕ ಎಂಬ ಪಕ್ಷನಾಯಕನು ಚುನಾವಣೆಯಲ್ಲಿ ಮೋಸಮಾಡುವ ಬಗ್ಗೆ ಸಂಭಾಷಿಸಿದಂತೆ ಧ್ವನಿಮುದ್ರಿಕೆಯೊಂದು ಹರಡಿತು. ಅದರಿಂದಲೇ ಫಲಿತಾಂಶ ಬದಲಾಯಿತೆಂದು ಹೇಳಲಾಗದು. ಆದರೆ ಉತ್ತರ ಕೊಡಲಾಗದ ಹೊತ್ತನ್ನು ಆರಿಸಿಕೊಂಡದ್ದು ಗಮನಾರ್ಹ. ನಮ್ಮಲ್ಲಿಯೂ ೧೯೫೧ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ೧೨೬ನೆಯ ಪ್ರಕರಣದಂತೆ ಕೊನೆಯ ನಲವತ್ತೆಂಟು ಗಂಟೆಗಳು ಮೌನದ ಅವಧಿ. ಮತದಾರನ ಶಾಂತಚಿಂತನೆಗಾಗಿ ಕಾಯಿದೆ ಕಾದಿರಿಸಿದ ಆ ಮೌನವೇ ಸುಳ್ಳಿಗೆ ಒಳ್ಳೆಯ ಹೊತ್ತಾಗುವುದು ದೊಡ್ಡ ವಿಪರ್ಯಾಸ.

೬

ಇಷ್ಟನ್ನು ಹೇಳಿ ನಿಲ್ಲಿಸಿದರೆ ಎಲ್ಲವನ್ನೂ ಸಂದೇಹಿಸಿರೆಂದು ಹೇಳಿದಂತಾಗುತ್ತದೆ. ಅದು ನಮ್ಮ ಅಭಿಪ್ರಾಯವಲ್ಲ. ಫ್ಲೀಟ್ ಅವರ ನಿಷ್ಠುರತೆಯಿಂದ ಶಾಸನವಿಮರ್ಶೆ ಶಾಸ್ತ್ರವಾಯಿತು, ನಿಜ. ಆದರೆ ಕೆಲವು ಪಟಗಳು ಕೃತ್ರಿಮವೆಂಬುದರಿಂದ ಗಂಗರ ಪ್ರಾಚೀನ ವಂಶಾವಳಿಯೇ ಕಲ್ಪಿತವೆಂಬಲ್ಲಿಯವರೆಗೆ ಅವರ ಸಂದೇಹ ಬೆಳೆಯಿತು. ಮುಂದೆ ಪೆನುಕೊಂಡೆಯ ತಾಮ್ರಪಟಗಳು ಬೆಳಕಿಗೆ ಬಂದಾಗ, ಅವು ಪ್ರಾಮಾಣಿಕವೆಂದು ಫ್ಲೀಟ್ ಅವರೇ ಒಪ್ಪಿದರು. ಸುಳ್ಳನ್ನು ಸತ್ಯವೆನ್ನುವುದು ಒಂದು ತಪ್ಪಾದರೆ, ಸತ್ಯವನ್ನು ಸುಳ್ಳೆನ್ನುವುದು ಅಷ್ಟೇ ದೊಡ್ಡ ತಪ್ಪು.

ರಾಜಕಾರಣದಲ್ಲಿ ಈ ಎರಡನೆಯ ತಪ್ಪಿನಿಂದ ಲಾಭ ಪಡೆಯುವವರುಂಟು. ಕೂಟಬಿಂಬ ಸಾಧ್ಯವೆಂಬ ತಿಳಿವಳಿಕೆ ಹರಡಿದ ಮೇಲೆ, ನಿಜವಾಗಿ ಆಡಿ ಸಿಕ್ಕಿಬಿದ್ದವನೂ 'ಇದು ಯಂತ್ರದ ಸೃಷ್ಟಿ' ಎಂದು ಜಾರಿಕೊಳ್ಳಬಹುದು. ೨೦೨೩ರ ಏಪ್ರಿಲಿನಲ್ಲಿ ತಮಿಳುನಾಡಿನ ಅಂದಿನ ಹಣಕಾಸಿನ ಮಂತ್ರಿ ಪಳನಿವೇಲ್ ತ್ಯಾಗರಾಜನ್ ಅವರದೆಂಬ ಎರಡು ಧ್ವನಿಮುದ್ರಿಕೆಗಳು ಹೊರಬಂದುವು. ಅವು ಕೃತಕವೆಂದು ಅವರು ನಿರಾಕರಿಸಿದರು. ಪತ್ರಿಕೆಯೊಂದರ ಕೋರಿಕೆಯ ಮೇಲೆ ಪರಿಶೀಲಿಸಿದ ತಜ್ಞರಿಗೆ, ಒಂದು ನಿರ್ಣಯಕ್ಕೆ ಬಾರದಷ್ಟು ಅಸ್ಪಷ್ಟವಾಗಿಯೂ ಇನ್ನೊಂದು ನೈಜವಾಗಿಯೂ ತೋರಿತು. ಸತ್ಯ ಯಾವುದೇ ಇರಲಿ, ವಾದದ ಸ್ವರೂಪ ಹೊಸದು. ಮೊದಲು ಆಪಾದಿತನು ತನ್ನ ಮಾತನ್ನು ಸಮರ್ಥಿಸಿಕೊಳ್ಳಬೇಕಾಗಿತ್ತು. ಈಗ ಆಪಾದಿಸಿದವನು ಧ್ವನಿ ಧ್ವನಿಯೇ ಎಂದು ಸಾಧಿಸಬೇಕಾಗಿದೆ.

ಕಾಯಿದೆಯ ಪರಿಹಾರವನ್ನು ಸಂಕ್ಷೇಪವಾಗಿ ನೋಡೋಣ. ಪ್ರಜಾಪ್ರಾತಿನಿಧ್ಯ ಕಾಯಿದೆಯ ೧೨೩ (೪)ನೆಯ ಪ್ರಕರಣ ಅಭ್ಯರ್ಥಿಯ ವೈಯಕ್ತಿಕ ಶೀಲ, ನಡತೆ ಮತ್ತು ಉಮೇದುವಾರಿಕೆಯನ್ನು ಕುರಿತ ಸುಳ್ಳು ಹೇಳಿಕೆಗೆ ಮಾತ್ರ ಅನ್ವಯಿಸುತ್ತದೆ. ಚರಿತ್ರೆಯನ್ನು ಕುರಿತ ಸುಳ್ಳು ಅದರ ವ್ಯಾಪ್ತಿಗೆ ಬಾರದು. ಚುನಾವಣಾ ಆಯೋಗವು ೨೦೨೪ರ ಮೇ ತಿಂಗಳಿನಲ್ಲಿ, ಕೃತಕ ದೃಶ್ಯವು ಗಮನಕ್ಕೆ ಬಂದ ಮೂರು ಗಂಟೆಗಳೊಳಗೆ ಪಕ್ಷಗಳು ಅದನ್ನು ತೆಗೆದುಹಾಕಬೇಕೆಂದಿತು. ೨೦೨೫ರ ಅಕ್ಟೋಬರಿನಲ್ಲಿ, ಅಂಥ ದೃಶ್ಯಗಳ ಕಡೆಯ ಪಕ್ಷ ಹತ್ತನೆಯ ಒಂದು ಭಾಗವನ್ನಾದರೂ ಕೃತಕವೆಂಬ ಗುರುತು ಆವರಿಸಿರಬೇಕೆಂದು ಸೂಚಿಸಿತು. ಇದರಿಂದ ಪ್ರಾಮಾಣಿಕರು ಕಟ್ಟಿಗೆ ಒಳಗಾಗುವುದು ನಿಜ. ಆದರೆ ತನ್ನ ಪಟದ ಮೇಲೆ 'ಇದು ಕೂಟಶಾಸನ'ವೆಂದು ಕೆತ್ತಿದ ಕೂಟಕಾರನು ಎಲ್ಲಿಯೂ ಇಲ್ಲ. ಇನ್ನೊಂದು ದಾರಿ ಸತ್ಯಾಸತ್ಯದ ತೀರ್ಪನ್ನು ಸರ್ಕಾರದ ಕೈಗೇ ಕೊಡುವುದು. ಕೇಂದ್ರ ಸರ್ಕಾರ ಇಂಥ ಘಟಕಕ್ಕಾಗಿ ಮಾಡಿದ್ದ ನಿಯಮವನ್ನು ಮುಂಬಯಿಯ ಉಚ್ಚ ನ್ಯಾಯಾಲಯವು ೨೦೨೪ರ ಸೆಪ್ಟೆಂಬರಿನಲ್ಲಿ ರದ್ದುಪಡಿಸಿತು. ೨೦೨೫ರ ಜೂನಿನಲ್ಲಿ ಹೊರಬಿದ್ದ ಕರ್ಣಾಟಕದ ಕರಡು ಮಸೂದೆ ಏಳು ವರ್ಷಗಳವರೆಗಿನ ಸೆರೆಯನ್ನೂ ಹತ್ತು ಲಕ್ಷ ರೂಪಾಯಿಗಳವರೆಗಿನ ದಂಡವನ್ನೂ ಸೂಚಿಸಿ ತೀವ್ರವಾದ ಟೀಕೆಗೆ ಗುರಿಯಾಯಿತು. ಚುನಾವಣೆಯಲ್ಲಿ ಸರ್ಕಾರ ನಡೆಸುವ ಪಕ್ಷವೂ ಒಬ್ಬ ವಾದಿ; ವಾದಿಯೇ ನ್ಯಾಯಾಧೀಶನಾಗುವುದು ಸಲ್ಲದು.

ಹಾಗಾದರೆ ಆಸರೆ ಯಾವುದು? ರೈಸ್ ಅವರ ನಿರ್ಣಯಗಳಲ್ಲಿ ಎಷ್ಟೋ ಈಗ ಬಿದ್ದುಹೋಗಿವೆ. ಆದರೂ ಅವರ ಸಂಪುಟಗಳು ನಿಂತಿವೆ. ಇದಕ್ಕೆ ಕಾರಣ, ಪ್ರತಿಯೊಂದು ಶಾಸನಕ್ಕೂ ತಾಲ್ಲೂಕು, ಊರು, ಕಲ್ಲು ನಿಂತ ಜಾಗ, ಮೂಲಪಾಠ ಇವುಗಳನ್ನು ಗುರುತಿಸಿಟ್ಟದ್ದು. ಅವರನ್ನು ಖಂಡಿಸುವವರಿಗೂ ಅವರ ಸಂಪುಟವೇ ಸಾಧನ. ಚುನಾವಣಾ ಪ್ರಚಾರಕ್ಕೂ ಇಂಥದೊಂದು ಮೂಲಪ್ರತಿಯ ಭಂಡಾರ ಬೇಕೆಂಬುದು ನಮ್ಮ ಸೂಚನೆ. ಪ್ರತಿಯೊಬ್ಬ ಅಭ್ಯರ್ಥಿಯ ಬಹಿರಂಗ ಭಾಷಣವೂ, ಕತ್ತರಿಸದೆ, ಊರು ದಿನ ಹೊತ್ತುಗಳ ಗುರುತಿನೊಡನೆ, ಸಾರ್ವಜನಿಕ ಗ್ರಂಥಾಲಯದಲ್ಲಿಯೋ ವಿಶ್ವವಿದ್ಯಾನಿಲಯದಲ್ಲಿಯೋ ಅಂದಂದೇ ಸೇರಬೇಕು. ಯಾವ ಪಕ್ಷದವರಿಗಾದರೂ ನೋಡಲು ಅದು ತೆರೆದಿರಬೇಕು. ಆಗ ತುಣುಕೊಂದು ಹರಡಿದಾಗ ಪ್ರಶ್ನೆ 'ಇದು ನಿಜದಂತೆ ಕಾಣುತ್ತದೆಯೆ' ಎಂದಾಗುವುದಿಲ್ಲ, 'ಇದರ ಮೂಲಪ್ರತಿ ಎಲ್ಲಿ' ಎಂದಾಗುತ್ತದೆ. ಗುಟ್ಟಾಗಿ ಆಡಿದ್ದೆಂಬ ಮಾತಿಗೆ ಈ ಭಂಡಾರ ಉತ್ತರ ಕೊಡಲಾರದು. ಅಲ್ಲಿ ಯಾರು ಮುದ್ರಿಸಿದರು, ಮೊದಲು ಯಾರ ಕೈಯಲ್ಲಿತ್ತು, ಹೊರಬಂದದ್ದು ಯಾವ ಹೊತ್ತಿನಲ್ಲಿ ಎಂದು ಕೇಳುವುದೊಂದೇ ದಾರಿ.

ಈ ಪ್ರಶ್ನೆ ಪಂಡಿತರಿಗೆ ಮಾತ್ರ ಸೇರಿದ್ದೆಂದು ತಿಳಿಯಬೇಕಾಗಿಲ್ಲ. ವಿಜಯಪುರದ ಗೂಡಿನ ಮಾರುಕಟ್ಟೆಯಲ್ಲಿ ನೂಲು ತೆಗೆಯುವವರು ರೇಷ್ಮೆಗೂಡನ್ನು ಹೊರಗಣ ಬಿಳುಪೊಂದನ್ನೇ ನೋಡಿ ಕೊಳ್ಳುವುದಿಲ್ಲ. ಕೈಯಲ್ಲಿ ಹಿಡಿದು ನೋಡುತ್ತಾರೆ, ಯಾರು ತಂದ ಮಾಲೆಂದು ವಿಚಾರಿಸುತ್ತಾರೆ. ದುಡ್ಡು ಕೊಡುವ ಕಡೆ ಸಹಜವಾಗಿ ಬರುವ ಈ ವಿವೇಕ ಮತ ಕೊಡುವ ಕಡೆಯೂ ಬರಬೇಕಾಗಿದೆ. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' ಹೊರಬಂದ ದಿನಗಳಿಂದ ನಮ್ಮ ವಿಭಾಗಗಳಲ್ಲಿ ಪ್ರತಿ, ಪಾಠ, ಪ್ರಕ್ಷಿಪ್ತಗಳ ವಿಚಾರವನ್ನು ಹಳಗನ್ನಡದ ಕಾವ್ಯಗಳಿಗಾಗಿ ಕಲಿಸುತ್ತ ಬಂದಿದ್ದೇವೆ. ಆ ವಿದ್ಯೆಯನ್ನು ವಿದ್ಯಾರ್ಥಿಯ ಕೈಯಲ್ಲಿರುವ ದೂರವಾಣಿಯ ದೃಶ್ಯಕ್ಕೂ ಅನ್ವಯಿಸಿ ಕಲಿಸುವುದು ಈಗ ವಿಭಾಗದ ಕರ್ತವ್ಯಗಳಲ್ಲಿ ಒಂದೆಂದು ನಾವು ಭಾವಿಸುತ್ತೇವೆ.